ಉಡಿದಾರದಲ್ಲಿ ಓಡಿದ ಕೀಲಿಕೈ

ಕುಷ್ಟಗಿಯ ನಮ್ಮ ಓಣಿಯಲ್ಲಿ ನಮ್ಮ ಮನೆಯ ಬಗ್ಗೆ ಒಂದು ಮಾತು ಓಡಾಡುತ್ತಿತ್ತು. "ಕರಿಬಸಪ್ಪ ಕೀಲಿ ಹಾಕಿದ್ರ ಗಾಳಿನೂ ಅಪ್ಪಣಿ ತಗೊಂಡು ಒಳಗ ಹೋಗಬೇಕು. ವಿರೂಪಾಕ್ಷಮ್ಮ ಮಾತಿಗೆ ನಿಂತ್ರ ಆ ಗಾಳಿ ಬಂದ ದಾರಿಗೇ ವಾಪಸ್ ಹೋಗಬೇಕು." ಕರಿಬಸಪ್ಪ ಅಂದರೆ ನಾನು, ಕಿರಾಣಿ ಅಂಗಡಿಯವನು. ವಿರೂಪಾಕ್ಷಮ್ಮ ನನ್ನ ಹೆಂಡತಿ. ಎರಡನೆಯ ಮಾತಿನ ಬಗ್ಗೆ ನಾನು ಏನೂ ಹೇಳುವುದಿಲ್ಲ, ಇವತ್ತಿಗೂ ಅವಳ ಕೈಯ ಊಟವೇ ಆಗಬೇಕು. ಮೊದಲನೆಯದು ಮಾತ್ರ ಪೂರ್ತಿ ನಿಜ.

ನಾನು ಕೀಲಿ ಹಾಕಿದರೆ ಜಗ್ಗಿ ನೋಡುತ್ತಿದ್ದೆ. ಓಣಿಯ ತಿರುವಿನ ತನಕ ಹೋಗಿ, ಮನಸ್ಸು ಒಪ್ಪದೆ ತಿರುಗಿ ಬಂದು ಮತ್ತೆ ಜಗ್ಗುತ್ತಿದ್ದೆ. ಆಚೆ ಓಣಿಯಲ್ಲಿ ಯಾರದೋ ತಾಮ್ರದ ಹಂಡೆ ಕಳುವಾದಾಗ ನಮ್ಮ ಹಿತ್ತಲ ಬಾಗಿಲಿಗೆ ಇಟ್ಟಂಗಿ ಕಟ್ಟಿಸಿ ಗೋಡೆ ಮಾಡಿಬಿಟ್ಟೆ. ಮುಂಬಾಗಿಲಿನ ಇನ್ನೊಂದು ಕೀಲಿಕೈಯನ್ನು ಮನೆಯೊಳಗಿನ ಟ್ರಂಕಿನಲ್ಲಿಟ್ಟೆ. ಟ್ರಂಕಿಗೆ ಕೀಲಿ ಹಾಕಿದೆ. ಆ ಟ್ರಂಕಿನ ಕೀಲಿಕೈಯನ್ನು ಮುಂಬಾಗಿಲಿನ ಕೀಲಿಕೈಯ ಜೊತೆ ಒಂದೇ ಗೊಂಚಲಿಗೆ ಸೇರಿಸಿ ನನ್ನ ಹತ್ತಿರ ಇಟ್ಟುಕೊಂಡೆ. ಇಂಥ ಬಂದೋಬಸ್ತು ಸರ್ಕಾರದ ಖಜಾನೆಗೂ ಇರಲಿಲ್ಲವೆಂದು ನನಗೆ ಹೆಮ್ಮೆ ಇತ್ತು.

ಎಂಬತ್ತರ ದಶಕದ ನಡುವಿನ ಮಾತು. ಊರ ದೊಡ್ಡವರೆಲ್ಲ ಸೇರಿ ಒಂದು ಭಾನುವಾರ ಸೌಹಾರ್ದ ಓಟ ಇಟ್ಟರು. ಬಸ್ ನಿಲ್ದಾಣದಿಂದ ಪ್ರವಾಸಿ ಮಂದಿರದ ತನಕ ಯಾರು ಬೇಕಾದರೂ ಓಡಬಹುದು ಎಂದು ಜೀಪಿನಲ್ಲಿ ಮೈಕು ಕಟ್ಟಿಕೊಂಡು ಸಾರುತ್ತ ಹೋದರು. ಆಗ ನಾನು ಪಕ್ಕದ ಮನೆಯ ಟೇಲರ್ ರಾಜಾಸಾಬನ ಅಂಗಡಿಯಲ್ಲಿ ಕುಳಿತಿದ್ದೆ. ಅವನು ನನ್ನ ಹೊಟ್ಟೆಯನ್ನು ಒಮ್ಮೆ, ತನ್ನ ಅಳತೆಯ ಟೇಪನ್ನು ಒಮ್ಮೆ ನೋಡಿ, "ಇದು ನಿಮಗಲ್ಲ ಬಿಡ್ರಿ ಸಾವ್ಕಾರ್ರ" ಎಂದ. ಅಷ್ಟು ಸಾಕಾಯಿತು. ಅಲ್ಲಿದ್ದವರೆಲ್ಲ ಕೇಳುವಂತೆ ಘೋಷಿಸಿದೆ: "ಹೊಲಿ ಒಂದು ಚಡ್ಡಿ. ಅವತ್ತು ಇಡೀ ಕುಷ್ಟಗಿ ನಮ್ಮ ಮನಿಯವರ ಬೆನ್ನ ನೋಡಕೋತ ಓಡಬೇಕು!"

ಸಾಲಿ ಬಿಟ್ಟ ಮೇಲೆ ನಾನು ಚಡ್ಡಿ ಹಾಕಿದವನಲ್ಲ. ಹಾಕಿಕೊಂಡು ಪಡಸಾಲೆಯಲ್ಲಿ ನಿಂತಾಗ ವಿರೂಪಾಕ್ಷಮ್ಮ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದವಳು ತಲೆ ಎತ್ತಿ ನೋಡಿ, ಮತ್ತೆ ತೊಟ್ಟು ಮುರಿಯತೊಡಗಿದಳು. ಮುರಿಯುತ್ತಲೇ ಹೇಳಿದಳು: "ಅಂಗಡ್ಯಾಗ ಬೆಲ್ಲದ ಡಬ್ಬಿ ತನಕ ಹೋಗಾಕ ತೇಕತೀರಿ. ನಾ ತಲಿ ಮ್ಯಾಲ ಕೊಡ ಹೊತ್ತು ಓಡಿದ್ರೂ ನಿಮ್ಮನ್ನ ಹಿಂದ ಹಾಕ್ತೀನಿ."

ಈ ಮಾತನ್ನು ನೆನಪಿನಲ್ಲಿಡಿ. ನಾನಂತೂ ಇಟ್ಟುಕೊಂಡೆ. ಆಮೇಲಿನ ಅನಾಹುತಕ್ಕೆಲ್ಲ ಇದೇ ಮೂಲ.

ಅಷ್ಟರಲ್ಲಿ ಕುಕನೂರಿನಿಂದ ಸುದ್ದಿ ಬಂತು. ನಮ್ಮ ಮಗಳು ನೀಲವ್ವನನ್ನು ನೋಡಲು ಗಂಡಿನ ಕಡೆಯವರು ಅದೇ ಭಾನುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತಾರಂತೆ. ಹುಡುಗ ಸಾಲಿ ಮಾಸ್ತರ. ಅವನ ತಾಯಿ ಮುದುಕಮ್ಮ ಭಾಳ ಕಟ್ಟುನಿಟ್ಟಿನ ಹೆಂಗಸೆಂದು ಸುತ್ತಮುತ್ತಲ ಊರಿಗೆಲ್ಲ ಗೊತ್ತು. ಈ ಮೊದಲು ನೀಲವ್ವನನ್ನು ನೋಡಿಹೋದ ಒಂದು ಮನೆಯವರು ತಿರುಗಿ ಹೇಳಿಕಳಿಸಲೇ ಇಲ್ಲ. ಅಂದಿನಿಂದ ಅವಳು ಕನ್ನಡಿಯ ಮುಂದೆ ನಿಲ್ಲುವುದನ್ನೇ ಬಿಟ್ಟಿದ್ದಳು. ಈ ಮಾಸ್ತರನ ಮಾತು ಬಂದಾಗ ಮಾತ್ರ ಎದ್ದುಹೋಗದೆ ಕುಳಿತು ಕೇಳಿದ್ದಳು. ಅದನ್ನು ಅವಳ ತಾಯಿ ನೋಡಿದ್ದಳು. ಹಾಗಾಗಿ ನನ್ನ ಓಟವನ್ನು ಈ ಒಂದು ಸಲ ಬಿಡಿರೆಂದು ಕೇಳಿಕೊಂಡಳು. ಮುಂಜಾನೆ ತಂಪಿನಲ್ಲೇ ಓಡಿ, ಬಂದು, ಜಳಕ ಮಾಡಿ, ರುಮಾಲು ಸುತ್ತಿಕೊಂಡು ಬಾಗಿಲಲ್ಲಿ ನಿಂತಿರುತ್ತೇನೆಂದು ನಾನು ಮಾತು ಕೊಟ್ಟೆ.

ಭಾನುವಾರ ಬಂತು. ಓಡುವ ಚಡ್ಡಿಗೆ ಜೇಬು ಇರುವುದಿಲ್ಲವೆಂದು ರಾಜಾಸಾಬ ಜೇಬನ್ನೇ ಇಟ್ಟಿರಲಿಲ್ಲ. ಅದಕ್ಕೇ ಕೀಲಿಕೈ ಗೊಂಚಲನ್ನು ಉಡಿದಾರಕ್ಕೆ ಗಂಟಿನ ಮೇಲೆ ಗಂಟು ಹಾಕಿ ಕಟ್ಟಿಕೊಂಡೆ. ನಾನು ಬೂಟಿನ ಲಾಡಿ ಬಿಗಿಯುತ್ತಿದ್ದಾಗ ವಿರೂಪಾಕ್ಷಮ್ಮ ಕೈಚೀಲ ಹಿಡಿದು, ರಾಜಾಸಾಬನ ಹೆಂಡತಿ ಹಮೀದಾಬಿಯ ಜೊತೆ ಬಜಾರಿಗೆ ಹೊರಟಳು. ಹೋಗುವಾಗ ಏನೋ ಹೇಳಿದಳು. ನಾನು ಹೂಂ ಅಂದದ್ದು ನೆನಪಿದೆ. ಯಾವುದಕ್ಕೆ ಹೂಂ ಅಂದೆ ಎಂಬುದು ಅವತ್ತೂ ನೆನಪಿರಲಿಲ್ಲ.

ಎದ್ದು ನೋಡಿದರೆ ಮನೆಯಲ್ಲಿ ಸದ್ದಿಲ್ಲ. "ನೀಲಾ" ಎಂದು ಕೂಗಿದೆ. ಉತ್ತರವಿಲ್ಲ. ತಾಯಿ ಮಗಳಿಬ್ಬರೂ ನನ್ನ ಪರಾಕ್ರಮ ನೋಡಲು ಮುಂಚಿತವಾಗಿ ಹೋಗಿರಬೇಕೆಂದು ಎದೆಯುಬ್ಬಿ ಬಂತು. ಕೀಲಿ ಹಾಕಿದೆ. ಜಗ್ಗಿದೆ. ತಿರುವಿನಿಂದ ವಾಪಸ್ ಬಂದು ಮತ್ತೆ ಜಗ್ಗಿದೆ. ಒಳಗೆ ಬಚ್ಚಲಿನಲ್ಲಿ ನೀಲವ್ವ ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದಳು.

ಮುಖ್ಯ ಅತಿಥಿಗಳು ತಡ ಮಾಡಿದರು. ತಂಪು ಹೋಗಿ ಬಿಸಿಲು ಏರಿತು. ಅವರು ಬಂದು, ಭಾಷಣ ಮಾಡಿ, ಸೀಟಿ ಊದಿದ ಮೇಲೆ ಊರು ಓಡತೊಡಗಿತು. ಸಾಲಿ ಹುಡುಗರು ಕಣ್ಮರೆಯಾದರು. ಉಳಿದವರು ನಾವು, ಮಾತಾಡಿಕೊಂಡು ಓಡುವವರು. ರಾಜಾಸಾಬನೂ ಕತ್ತರಿ ಸೂಜಿದಾರ ಹಿಡಿದು ನನ್ನ ಪಕ್ಕದಲ್ಲೇ ಇದ್ದ. ನೀನ್ಯಾಕೆ ಓಡುತ್ತೀ ಎಂದು ಕೇಳಿದೆ.

"ಅರ್ಧ ಊರಿಗೆ ಚಡ್ಡಿ ಹೊಲದಾವ ನಾನರೀ. ನಡು ರಸ್ತಾದಾಗ ಯಾರದರ ಹೊಲಿಗಿ ಬಿಚ್ಚಿದ್ರ ನನ್ನ ಮರ್ಯಾದಿ ಅಲ್ಲೇನ್ರಿ?"

ಇನ್ನೊಂದು ಮಗ್ಗುಲಲ್ಲಿ ಅರಳೆ ವ್ಯಾಪಾರದ ಗವಿಸಿದ್ದಪ್ಪ ಬೆವರು ಒರೆಸುತ್ತ ಬರುತ್ತಿದ್ದ. ಅವನಿಗೆ ಸಕ್ಕರೆ ಕಾಯಿಲೆ, ಓಡೆಂದು ಡಾಕ್ಟರು ಹೇಳಿದ್ದರಂತೆ. ದಿನಾಲೂ ಓಡಬಹುದಲ್ಲ, ಇವತ್ತೇ ಯಾಕೆ ಎಂದರೆ ಅವನು ಹೇಳಿದ್ದು ಹೀಗೆ:

"ಒಬ್ಬನ ಓಡಿ ನೋಡು ತಮ್ಮಾ ಈ ಊರಾಗ. ಒಂದಿನ ಓಡೀನಿ. ಹೋಟೆಲ್‌ದಾಂವ ಓಡಿಬಂದು ಯಾರು ಹೋದ್ರು ಅಂತ ಕೇಳಿದ. ಇನ್ನೊಬ್ಬಾಂವ ಎಮ್ಮಿ ಯಾವ ಕಡಿ ಹೋತು ಅಂದ. ಮನಿಗೆ ಬರೋದ್ರಾಗ ನನ್ನ ಹೆಂಡ್ತಿ ಅಳಾಕ ಹತ್ತಿದ್ಲು. ಇಲ್ಲಿ ನೋಡು, ಇಷ್ಟ ಮಂದಿ ಓಡಾಕತ್ತೇವಿ. ಯಾಕಂತ ಒಬ್ರರ ಕೇಳ್ತಾರೇನು?"

ದೊಡ್ಡ ಮಾತು. ನಮ್ಮ ಕಡೆ ಬೆಳೆದ ಮನುಷ್ಯ ಓಡಬೇಕಾದರೆ ಕಾರಣ ಬೇಕು. ಬಸ್ಸು ತಪ್ಪಬೇಕು, ಇಲ್ಲವೇ ದನ ತಪ್ಪಿಸಿಕೊಳ್ಳಬೇಕು. ಸುಮ್ಮನೆ ಓಡಬೇಕೆಂಬ ಆಸೆ ಹೊಟ್ಟೆಯೊಳಗೆ ಎಲ್ಲರಿಗೂ ಇರುತ್ತದೆ. ಆದರೆ ಊರೆಲ್ಲ ಒಂದೇ ಸಲ ಓಡಿದರೆ ಮಾತ್ರ ಅದು ಹೊರಗೆ ಬಂದೀತು. ನಾನು ಇದನ್ನು ಯೋಚಿಸುತ್ತಿದ್ದಾಗಲೇ ಹಿಂದಿನಿಂದ ಚಪ್ಪಾಳೆ ಕೇಳಿಸಿತು.

ತಿರುಗಿ ನೋಡಿದೆ. ನನ್ನ ಹೆಂಡತಿ! ಸೆರಗು ಸೊಂಟಕ್ಕೆ ಬಿಗಿದು, ಕೈಚೀಲದಿಂದ ನುಗ್ಗಿಕಾಯಿ ಹೊರಗೆ ಇಣುಕುತ್ತಿರಲು, ಗಂಡಸರ ಗುಂಪನ್ನು ಸೀಳಿಕೊಂಡು ಬರುತ್ತಿದ್ದಳು. ಹಿಂದೆ ಹಮೀದಾಬಿ. ಪಾಪ, ಬಜಾರಿನಿಂದ ಮನೆಗೆ ಬಂದ ನನ್ನ ಹೆಂಡತಿಗೆ ಕಂಡದ್ದು ಹೊರಗೆ ಕೀಲಿ, ಕಿಟಕಿಯಲ್ಲಿ ಒದ್ದೆ ತಲೆಯ ಮಗಳು. ಆ ಇಡೀ ಗುಂಪಿನಲ್ಲಿ ಕಾರಣ ಇದ್ದು ಓಡುತ್ತಿದ್ದವಳು ಅವಳೊಬ್ಬಳೇ. ಆದರೆ ಓಡುವವರ ನಡುವೆ ಓಡಿದರೆ ಯಾರು ಕೇಳುತ್ತಾರೆ? "ಕೀಲಿಕೈ, ಕೀಲಿಕೈ" ಎಂದು ಅವಳು ಕೂಗಿದಷ್ಟೂ ಜನ ಹುರುಪಿನಿಂದ ಚಪ್ಪಾಳೆ ತಟ್ಟಿದರು. ಆ ಗದ್ದಲದಲ್ಲಿ ನನ್ನ ತನಕ ಒಂದಕ್ಷರವೂ ಬರಲಿಲ್ಲ.

ನನಗೆ ಹೊಳೆದದ್ದು ತಲೆಯ ಮೇಲಿನ ಕೊಡ ಮಾತ್ರ. ಹಿಂದ ಹಾಕ್ತೀನಿ ಅಂದಿದ್ದಳಲ್ಲ, ಮಾಡಿ ತೋರಿಸಲು ಬಂದಿದ್ದಾಳೆ! ಊರ ಮುಂದೆ ಮಾನ ಹೋಗುವ ಪ್ರಶ್ನೆ. ಅಲ್ಲಿಯ ತನಕ ನಡೆಯುತ್ತಿದ್ದವನು ಆಗ ನಿಜವಾಗಿ ಓಡಿದೆ. ಗೊಂಚಲು ಒಳಗೆ ತೊಡೆಗೆ ಬಡಿಯುತ್ತಿತ್ತು. ಅವಳು ವೇಗ ಹೆಚ್ಚಿಸಿದಷ್ಟೂ ನಾನು ಹೆಚ್ಚಿಸಿದೆ. ಬಾಗಿಲು ತೆರೆಯಬೇಕಾದ ಕೀಲಿಕೈ ಹೀಗೆ ಬಾಗಿಲಿನಿಂದ ದೂರ ದೂರ ಓಡಿತು.

ಪ್ರವಾಸಿ ಮಂದಿರ ಮುಟ್ಟಿದಾಗ ನನ್ನ ವಯಸ್ಸಿನವರಲ್ಲಿ ನಾನೇ ಮೊದಲು. ವೇದಿಕೆಗೆ ಕರೆದು, ಕೊರಳಿಗೆ ಹಾರ ಹಾಕಿ, ಎರಡು ಮಾತಾಡಿರೆಂದು ಮೈಕಿನ ಮುಂದೆ ನಿಲ್ಲಿಸಿದರು. ಅಷ್ಟರಲ್ಲಿ ವಿರೂಪಾಕ್ಷಮ್ಮ ವೇದಿಕೆ ಹತ್ತಿದಳು. ನಾನು ತೇಕುತ್ತಲೇ ಕೇಳಿದೆ:

"ಸೋತ್ಯಲ್ಲ?"

"ನೀಲಾ ಒಳಗ ಅದಾಳ" ಎಂದಳು.

ಮೈಕು ಚಾಲೂ ಇತ್ತು. ಅದರ ದೊಡ್ಡ ಕೊಂಬುಗಳನ್ನು ಊರ ಓಣಿ ಓಣಿಗೂ ಕಟ್ಟಿದ್ದರು.

ನನ್ನ ಕೈ ಸೊಂಟಕ್ಕೆ ಹೋಯಿತು. ಬೆವರಿಗೆ ಗಂಟುಗಳು ಕಲ್ಲಾಗಿದ್ದವು. ನಾನು ಎಳೆದೆ, ಅವಳು ಎಳೆದಳು, ಮುಖ್ಯ ಅತಿಥಿಗಳು ಆಕಾಶ ನೋಡಿದರು. ರಾಜಾಸಾಬ ಕತ್ತರಿ ತೆರೆದುಕೊಂಡು ಬಂದ. ಬದುಕಿರುವ ಮನುಷ್ಯನ ಉಡಿದಾರ ಕತ್ತರಿಸಬಾರದೆಂದು ನಾನು ಹಿಂದೆ ಸರಿದೆ.

"ಮಗಳ ಸಂಬಂಧ ಕಡಿದು ಹೋಗೋದಕ್ಕಿಂತ ನಿಮ್ಮ ಉಡಿದಾರ ಕಡಿಯೋದ ಛಲೋ. ಕತ್ತರಸು ರಾಜಾಸಾಬ" ಎಂದಳು ನನ್ನ ಹೆಂಡತಿ. ಇದೂ ಓಣಿ ಓಣಿಗೂ ಕೇಳಿಸಿತು.

ಗೊಂಚಲು ಕೈಗೆ ಬಂದದ್ದೇ ಅವಳು ಇಳಿದು ಓಡಿದಳು. ಮಹಿಳೆಯರಲ್ಲಿ ಪ್ರಥಮ ಎಂದು ಯಾರೋ ಸ್ಟೀಲ್ ಡಬ್ಬಿ ಹಿಡಿದುಕೊಂಡು ಹಿಂದೆ ಓಡಿದರು. ಅವರ ಹಿಂದೆ ಊರು. ಅಷ್ಟು ಹೊತ್ತು ಕಾರಣವಿಲ್ಲದೆ ಓಡಿದ್ದ ಜನಕ್ಕೆ ಈಗ ಒಳ್ಳೆಯ ಕಾರಣವೇ ಸಿಕ್ಕಿತ್ತು. ಇಡೀ ಕುಷ್ಟಗಿ ನಮ್ಮ ಮನೆಯವರ ಬೆನ್ನು ನೋಡುತ್ತ ಓಡಿತು, ನಾನು ಹೇಳಿದ ಹಾಗೆಯೇ. ಎಲ್ಲರಿಗಿಂತ ಹಿಂದೆ, ಕೊರಳಲ್ಲಿ ಹಾರ, ಚಡ್ಡಿಯ ಮೇಲೆ ಒಂದು ಕೈ ಇಟ್ಟುಕೊಂಡು ನಾನು.

ಮನೆಯ ಮುಂದೆ ಬಂದು ನೋಡಿದೆ. ಕುಕನೂರಿನವರು ಪರಿಚಯದ ಲಾರಿ ಸಿಕ್ಕಿತೆಂದು ಮೊದಲೇ ಬಂದುಬಿಟ್ಟಿದ್ದರು. ಮುದುಕಮ್ಮ ನಮ್ಮ ಕಟ್ಟೆಯ ಮೇಲೆ ಕಾಲು ಮಡಚಿ ಕುಳಿತಿದ್ದರು. ಅವರ ತಲೆಯ ಮೇಲೇ ಮೈಕಿನ ಕೊಂಬು. ಕಿಟಕಿಯ ಸರಳಿನ ಹೊರಗೆ ಆ ಮಾಸ್ತರ, ಒಳಗೆ ನೀಲವ್ವ. ಎಲ್ಲರ ಕೈಯಲ್ಲೂ ಚಹಾದ ಗ್ಲಾಸು!

ಆಮೇಲೆ ತಿಳಿದದ್ದು ಇಷ್ಟು. ಬಂದವರು ಕೀಲಿ ನೋಡಿ ತಿರುಗಿ ಹೊರಟಿದ್ದರು. ನೀಲವ್ವ ಕಿಟಕಿಗೆ ಬಂದು, ಅಪ್ಪ ಮರೆತು ಕೀಲಿ ಹಾಕಿಕೊಂಡು ಓಡಲು ಹೋಗಿದ್ದಾನೆ, ಅವ್ವ ಕೀಲಿಕೈ ತರಲು ಅವನ ಹಿಂದೆ ಓಡಿದ್ದಾಳೆ, ನೀವು ಮಾತ್ರ ಓಡಬೇಡಿ, ಕುಳಿತುಕೊಳ್ಳಿ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದಳಂತೆ. ಮೊದಲು ನಕ್ಕವನು ಮಾಸ್ತರ. ಆಮೇಲೆ ಅವಳೇ ಚಹಾ ಕಾಸಿ ಸರಳಿನ ಸಂದಿಯಿಂದ ಒಂದೊಂದೇ ಗ್ಲಾಸು ಹೊರಗೆ ಕೊಟ್ಟಳಂತೆ.

ವಿರೂಪಾಕ್ಷಮ್ಮ ಕೀಲಿ ತೆರೆಯಲು ಹೋದಳು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಮುದುಕಮ್ಮ ಗ್ಲಾಸು ಕೆಳಗಿಟ್ಟರು.

"ಅವಸರ ಮಾಡಬ್ಯಾಡ್ರಿ. ಹುಡುಗಿ ನೋಡೋದು ಆಗೇತಿ" ಎಂದರು. ನನ್ನ ಹೆಂಡತಿ ಕೀಲಿ ಬಿಟ್ಟು ತಿರುಗಿದಳು. ಮುದುಕಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ಮುಂದುವರಿಸಿದರು: "ಕೀಲಿ ಹಾಕಿದ ಮನ್ಯಾಗಿಂದ ಚಹಾ ಕೊಟ್ಟಾಕಿ, ತೆರೆದ ಮನಿ ಹ್ಯಾಂಗ ನಡಸ್ತಾಳ ಅಂತ ನಾ ಕೇಳಂಗಿಲ್ಲ. ನಮಗ ಒಪ್ಪಿಗಿ. ಒಂದ ಮಾತು, ಈ ಬೀಗರಿಗೆ ಲಗ್ನದ ದಿನ ಕೀಲಿಕೈ ಕೊಡಬ್ಯಾಡ್ರಿ."

ಓಣಿಗೆ ಓಣಿಯೇ ನಕ್ಕಿತು. ಕಿಟಕಿಯೊಳಗೆ ಯಾರೋ ತಲೆ ಬಗ್ಗಿಸಿದರು.

ಅಂದಿನಿಂದ ಗೊಂಚಲು ವಿರೂಪಾಕ್ಷಮ್ಮನ ಸೊಂಟಕ್ಕೆ ಹೋಯಿತು. ಹಿತ್ತಲ ಗೋಡೆ ಒಡೆಸಿ ಮತ್ತೆ ಬಾಗಿಲು ಇಡಿಸಿದಳು. ಮಾಗಿಯಲ್ಲಿ ಲಗ್ನವಾಯಿತು.

ನೀಲವ್ವನನ್ನು ಕಳಿಸಿಕೊಡುವ ದಿನ ಮನೆಯ ಮುಂದೆ ಜೀಪು ನಿಂತಿತ್ತು. ಅವಳು ದೇವರ ಕೋಣೆಗೆ ಹೋಗಿ ಬಂದಳು, ಅಡುಗೆಮನೆಗೆ ಹೋಗಿ ಬಂದಳು, ಆ ಕಿಟಕಿಯ ಹತ್ತಿರ ಒಂದಿಷ್ಟು ಹೊತ್ತು ನಿಂತಳು. ಅವರವ್ವ ಉಡಿ ತುಂಬಿ ಆಗಿತ್ತು. ಹೊಸ್ತಿಲು ದಾಟಿ ಹೊರಗೆ ಬಂದವಳು ನನ್ನ ಮುಂದೆ ನಿಂತಳು. ಅಳುತ್ತಾಳೆಂದು ನಾನು ರುಮಾಲಿನ ತುದಿ ಹಿಡಿದು ತಯಾರಾಗಿದ್ದೆ. ಅವಳು ಅಳಲಿಲ್ಲ.

"ಅಪ್ಪಾ, ನಾ ಹೊರಗ ಬಂದೀನಿ. ಈಗ ಕೀಲಿ ಹಾಕು" ಎಂದಳು.

ಜೀಪು ಹೊರಟಿತು. ನನ್ನ ಕೈ ಸೊಂಟಕ್ಕೆ ಹೋಗಿ ಬರಿದಾಗಿ ಬಂತು. ಆಮೇಲೆ ಕಾಲುಗಳು ತಾವೇ ಹೊರಟವು. ಬೂಟಿಲ್ಲ, ಚಡ್ಡಿಯಿಲ್ಲ, ಉಟ್ಟ ಧೋತರದಲ್ಲೇ ನಡು ಹಗಲಿನಲ್ಲಿ ಒಬ್ಬನೇ ಜೀಪಿನ ಹಿಂದೆ ಓಡಿದೆ. ಗವಿಸಿದ್ದಪ್ಪ ತನ್ನ ಅಂಗಡಿಯ ಮೆಟ್ಟಿಲ ಮೇಲೆ ನಿಂತಿದ್ದ. ಏನಾತು, ಎಲ್ಲಿಗೆ ಎಂದು ಕೇಳಲಿಲ್ಲ. ಹೋಟೆಲಿನವನೂ ಕೇಳಲಿಲ್ಲ.

ದೊಡ್ಡ ರಸ್ತೆಯಲ್ಲಿ ಧೂಳಷ್ಟೇ ಉಳಿದಾಗ ನಿಂತೆ. ಪಕ್ಕದಲ್ಲಿ ಇನ್ನೊಬ್ಬರ ಏದುಸಿರು ಕೇಳಿಸಿತು. ಗೊಂಚಲು ಸೊಂಟದಲ್ಲಿ ಗಲಗಲ ಎನ್ನುತ್ತ ವಿರೂಪಾಕ್ಷಮ್ಮ ನಿಂತಿದ್ದಳು.

"ಮನಿ ಕೀಲಿ?" ಎಂದೆ.

ಅವಳು ತಿರುಗಿ ಓಣಿಯ ಕಡೆ ನೋಡಿದಳು. ಬಾಗಿಲು ಹಾರುಹೊಡೆದು ತೆರೆದೇ ಬಿಟ್ಟು ಬಂದಿದ್ದಳು.