ಔರಾದಿಗೆ ಹೊರಟ ಲೀಡರ್ ಸಾಹೇಬರು

ಮೂವತ್ತೆಂಟು ತುಂಬಿದ ದಿನ ಸುಶೀಲಕುಮಾರ ಬೀದರಿನ ಚಿದ್ರಿ ಬಡಾವಣೆಯ ತನ್ನ ಮನೆಯ ಅಂಗಳದಲ್ಲಿ ನಿಂತು ಘೋರ ಪ್ರತಿಜ್ಞೆ ಮಾಡಿದ. "ಇನ್ನ ಮ್ಯಾಲ ಪೆಟ್ರೋಲ್ ಮುಟ್ಟಂಗಿಲ್ಲ! ಬೀದರ ಜಿಲ್ಲಾದಾಗ ಸೈಕಲ್ ಅಂದ್ರ ಸುಶೀಲಕುಮಾರ, ಸುಶೀಲಕುಮಾರ ಅಂದ್ರ ಸೈಕಲ್!" ಎದುರಿಗೆ ಇಪ್ಪತ್ತೊಂದು ಗೇರಿನ ಹೊಸ ಸೈಕಲ್ಲು ಮದುಮಗನಂತೆ ಮಿರಮಿರ ಮಿಂಚುತ್ತಿತ್ತು.

ಹೆಂಡತಿ ಉಜ್ವಲಾ ಅಷ್ಟೂರಿನ ಶಾಲೆಯಲ್ಲಿ ಟೀಚರು. ಎಂಟು ವರ್ಷದಿಂದ ದಿನಾ ಹಳೆಯ ಲೇಡೀಸ್ ಸೈಕಲ್ಲಿನಲ್ಲೇ ಹೋಗಿ ಬರುವವಳು. "ಸೈಕಲ್ ನಾನೂ ಹೊಡೀತೇನಲ್ರಿ" ಎಂದಳು.

"ಹುಚ್ಚಿ, ಅದು ಸೈಕ್ಲಿಂಗ್ ಅಲ್ಲ. ಅದು ಸಾಲಿಗಿ ಹೋಗೂದು!"

ಮೊದಲ ಭಾನುವಾರವೇ ಹೆಲ್ಮೆಟ್ಟು, ಮೈಗಂಟುವ ಚಡ್ಡಿ ಧರಿಸಿ, ಭಾಲ್ಕಿಯಾಚೆ ಭಾತಂಬ್ರಾದಲ್ಲಿರುವ ಅತ್ತೆ ಶಾಲುಬಾಯಿಯ ಮನೆಗೆ ದಂಡಯಾತ್ರೆ ಹೊರಟ. ಊರಿನ ಸೈಕಲ್ ಬಳಗಕ್ಕೂ ಸೇರಿಯಾಗಿತ್ತು. ಯಾರು ಎಷ್ಟು ದೂರ, ಎಷ್ಟು ಹೊತ್ತಿನಲ್ಲಿ ಹೋದರು ಎಂಬುದನ್ನು ಮೊಬೈಲಿನ ಆ್ಯಪ್ ಬಳಗದವರಿಗೆಲ್ಲ ಸಾರಿ ಹೇಳುತ್ತಿತ್ತು. ಹತ್ತು ಕಿಲೋಮೀಟರಿಗೆ ಯಾತ್ರೆ ಮುಗಿದು ಬರೀ ದಂಡ ಉಳಿಯಿತು! ಕಾಲು ಎರಡೂ ಬೇರೆ ಯಾರವೋ ಅನ್ನಿಸತೊಡಗಿದವು. ಆಗ ಬಂತು ಪರಿಚಯದ ಧೊಂಡಿಬಾನ ಉಳ್ಳಾಗಡ್ಡಿ ಟೆಂಪೊ. ಸೈಕಲ್ಲನ್ನು ಈರುಳ್ಳಿ ಚೀಲಗಳ ಮೇಲೆ ಮಲಗಿಸಿ, ತಾನು ಮುಂದೆ ಕೂತು, ಭಾತಂಬ್ರಾದ ಅಗಸಿ ಬಾಗಿಲಲ್ಲಿ ಇಳಿದು, ಅಲ್ಲಿಂದ ಅತ್ತೆಯ ಮನೆಗೆ ಠೀವಿಯಿಂದ ತುಳಿದುಕೊಂಡು ಹೋದ. ಮರಳಿದ್ದೂ ಅದೇ ಟೆಂಪೊದಲ್ಲೇ. ಎಲ್ಲ ಸರಿ, ಕಿಸೆಯಲ್ಲಿದ್ದ ಆ್ಯಪ್ ಬಂದ್ ಮಾಡುವುದನ್ನೇ ಮರೆತಿದ್ದ. ಧಣಿ ಸೈಕಲ್ ಮೇಲಿದ್ದಾರೋ, ಉಳ್ಳಾಗಡ್ಡಿ ಜೊತೆಗಿದ್ದಾರೋ, ಅದಕ್ಕೇನು ಗೊತ್ತು ಪಾಪ!

ಸಂಜೆ ಬಳಗದ ಹಿರಿಯ, ಔಷಧಿ ಅಂಗಡಿಯ ಜುಲ್ಫೀಕಾರ ಫೋನು ಮಾಡಿದ. "ಸುಶೀಲ ಭಾಯಿ! ಹೋಗಿ ಬರೂದು ನೂರು ಕಿಲೋಮೀಟರ್, ಮೂರ ತಾಸಿನ್ಯಾಗ? ಏನ್ ಕಾಲ್ರೀ ಅವು! ನಮ್ಮ ಮಂದಿ ತೆರದ ಬಾಯಿ ಇನ್ನೂ ಮುಚ್ಚಿಲ್ಲ!"

ಇಲ್ಲೇ ನಿಜ ಹೇಳಬಹುದಿತ್ತು. ಆದರೆ ಹೊಗಳಿಕೆ ಬಿಸಿ ಜಿಲೇಬಿಯಂಥದ್ದು, ಬಾಯಿಗೆ ಬಿದ್ದ ಮೇಲೆ ಯಾರು ಉಗುಳುತ್ತಾರೆ? "ಇವತ್ತ ಎದುರ ಗಾಳಿ ಇತ್ತು ಭಾಯಿ, ಇಲ್ಲಂದ್ರ..." ಎಂದುಬಿಟ್ಟ.

"ವಾಹ್! ಹಂಗಾರ ಬರೋ ಐತವಾರ ಔರಾದ ಸವಾರಿಗಿ ನೀವೇ ಲೀಡರ್!"

ಫೋನಿಟ್ಟು ತಿರುಗಿದರೆ ಉಜ್ವಲಾ ಅವನ ಸೈಕಲ್ ಒರೆಸುತ್ತಿದ್ದಳು. "ಏನ್ರಿ, ಗಾಲಿ ಕಡ್ಡಿಯಾಗ ಉಳ್ಳಾಗಡ್ಡಿ ಸಿಪ್ಪಿ ಹ್ಯಾಂಗ ಬಂತು?"

"ಅದು... ನಿಮ್ಮ ಅವ್ವನ ಮನಿಯಾಗ..."

"ಹೂಂ" ಎಂದಳು ಉಜ್ವಲಾ. ಆ ಹೂಂ ಅವನಿಗೆ ಅಷ್ಟು ಸರಿ ಕಾಣಲಿಲ್ಲ.

ಬಳಗದಲ್ಲಿ ಒಂದು ಪದ್ಧತಿ. ಲೀಡರ್ ಆದವನು ಮುಂದೆ ಓಡುವಂತಿಲ್ಲ. ಎಲ್ಲರಿಗಿಂತ ನಿಧಾನದವರ ಬೆನ್ನ ಹಿಂದೆಯೇ ಇದ್ದು, ಯಾರೂ ಒಂಟಿಯಾಗಿ ಉಳಿಯದಂತೆ ಕಾಯಬೇಕು. ಇದನ್ನು ಕೇಳಿ ಸುಶೀಲಕುಮಾರನಿಗೆ ಮೊದಲು ಹೋದ ಜೀವ ಬಂತು, ಆಮೇಲೆ ಬಂದ ಜೀವ ಹೋಯಿತು. ಹಿಂದೆ ಇರುವುದೇನೋ ಅವನಿಗೆ ಬಲು ಸುಲಭ! ಆದರೆ ಅವನಿಗಿಂತ ನಿಧಾನದವರು ಒಬ್ಬರಾದರೂ ಬೇಕಲ್ಲ? ಬಳಗದ ಹದಿನಾರು ಮಂದಿಯೂ ಮುಂದೆ ಹೋಗಿ, ಲೀಡರ್ ಒಬ್ಬನೇ ಎರಡು ಊರು ಹಿಂದೆ ಉಳಿದರೆ ಬಣ್ಣ ಬಯಲಾದಂತೆಯೇ. ಆಮೇಲೆ ಬೀದರಿನಲ್ಲಿ ಮುಖ ಎತ್ತಿ ತಿರುಗುವುದುಂಟೆ?

ಶನಿವಾರ ಉಜ್ವಲಾ ತಾನಾಗಿಯೇ ಅಂದಳು. "ನಾನೂ ಬರ್ತೇನಿ ರಿ."

ಸುಶೀಲಕುಮಾರನಿಗೆ ಸ್ವರ್ಗಕ್ಕೆ ಮೂರೇ ಗೇಣು! "ಬಾ, ಬಾ. ಆದ್ರ ಅವಸರ ಮಾಡಬ್ಯಾಡ. ನಿನ್ನ ಹಿಂದ ನಾ ಇರ್ತೇನಿ."

ಭಾನುವಾರ ಬೆಳಿಗ್ಗೆ ಎಲ್ಲರೂ ಭರ್ರನೆ ಹೋದರು. ಕೊನೆಗೆ ಉಳಿದವಳು ಉಜ್ವಲಾ, ಅವಳ ಹಿಂದೆ ಲೀಡರ್ ಸಾಹೇಬರು. ಏರು ಬಂದಾಗ ಅವನು ಇಳಿದು ತಳ್ಳಿದ. ತಲೆ ಎತ್ತಿ ನೋಡಿದರೆ, ಮುಂದೆ ಅವಳೂ ನಿಂತು ವೇಲು ಸರಿಮಾಡಿಕೊಳ್ಳುತ್ತಿದ್ದಾಳೆ. ಅವನು ದಮ್ಮು ತೆಗೆದುಕೊಳ್ಳಲು ನಿಂತರೆ ಅವಳಿಗೂ ಅಲ್ಲೇ ನೀರಡಿಕೆ. ಹತ್ತು ಮಾರಿನ ಅಂತರ ಒಮ್ಮೆಯೂ ಹನ್ನೊಂದಾಗಲಿಲ್ಲ. "ಪಾಪ, ಅಕಿ ಕಾಲಾಗ ಶಕ್ತಿ ಇಲ್ಲ" ಎಂದು ಸುಶೀಲಕುಮಾರ ನಾಲಿಗೆ ಹೊರಗೆ ಹಾಕಿಕೊಂಡೇ ಮರುಗಿದ.

ಔರಾದ ಮುಟ್ಟಿದಾಗ ಬಿಸಿಲು ನೆತ್ತಿಗೇರಿತ್ತು. ಜುಲ್ಫೀಕಾರ ಓಡಿ ಬಂದು ಅವನ ಕೈ ಹಿಡಿದು ಗದ್ಗದನಾದ. "ತೂಫಾನ್ ಹಂಗ ಓಡೂ ಮನಿಷ್ಯಾ, ಹೆಂಡ್ತಿ ಸಲುವಾಗಿ ಐದ ತಾಸು ಹಿಂದ ಉಳದ! ಇಂಥಾ ಲೀಡರ್ ನಾ ನೋಡೇ ಇಲ್ಲ!" ಉಳಿದವರು ಕಣ್ಣರಳಿಸಿ ಚಪ್ಪಾಳೆ ತಟ್ಟಿದರು.

"ಅಕಿದೇನೂ ತಪ್ಪಿಲ್ರಿ. ರೂಢಿ ಇಲ್ಲ, ಅಷ್ಟೇ" ಎಂದು ಸುಶೀಲಕುಮಾರ ದೊಡ್ಡತನ ಮೆರೆದ. ಉಜ್ವಲಾ ಸುಮ್ಮನೆ ನಕ್ಕಳು. ಬಳಗ ಗೊತ್ತು ಮಾಡಿದ್ದ ಲಾರಿಯಲ್ಲಿ ಸೈಕಲ್ಲುಗಳ ಸಮೇತ ಎಲ್ಲರೂ ಬೀದರಿಗೆ ಮರಳಿದರು.

ಮರುದಿನ ಗಂಡಹೆಂಡಿರಿಬ್ಬರೂ ಸೈಕಲ್ಲುಗಳನ್ನು ಚಿದ್ರಿಯ ಉಸ್ಮಾನ ಮಿಯಾನ ರಿಪೇರಿ ಅಂಗಡಿಗೆ ಒಯ್ದರು. ಉಜ್ವಲಾಳ ಸೈಕಲ್ ನೋಡಿ ಮುದುಕ ಹೌಹಾರಿದ. "ಟೀಚರಬಾಯಿ, ಇದೇನ್ರಿ ಇದು? ಹೋದ ವಾರ ನಾನೇ ಹೊಸಾ ಬ್ರೇಕ್ ರಬ್ಬರ್ ಹಾಕಿ ಕೊಟ್ಟೇನಿ. ಈಗ ನೋಡಿದ್ರ ಸವದು ಒಳಗಿನ ಕಬ್ಬಣ ಕಾಣ್ಲಿಕತ್ತದ! ಔರಾದಿಗಿ ಸೈಕಲ್ ಹೊಡದ್ರೋ, ಬರೇ ಬ್ರೇಕ್ ಹೊಡದ್ರೋ?"

"ಏನ್ ಮಾಡ್ಲಿ ಚಾಚಾ, ಒಂದ ಸಲ ತುಳದ್ರ ಮುಂದ ಓಡೇ ಬಿಡ್ತಿತ್ತು. ಹಿಂದ ಲೀಡರ್ ಸಾಹೇಬ್ರು ಒಬ್ರೇ ಉಳೀತಿದ್ರು. ಮನಿ ಮರ್ಯಾದಿ ಪ್ರಶ್ನಿ ನೋಡ್ರಿ!"

ಸುಶೀಲಕುಮಾರನಿಗೆ ಈಗ ಲೆಕ್ಕ ಹತ್ತಿತು. ನಲವತ್ತು ಕಿಲೋಮೀಟರು! ಐದು ತಾಸು! ಎಲ್ಲರಿಗಿಂತ ಮೊದಲು ಔರಾದ ಮುಟ್ಟಬಲ್ಲ ಹೆಂಗಸು, ಗಂಡನ ಮುಖ ಉಳಿಯಲೆಂದು ಓಡುವ ಸೈಕಲ್ಲನ್ನು ದಾರಿಯುದ್ದಕ್ಕೂ ಹಿಡಿದುಕೊಂಡೇ ಹೋಗಿದ್ದಳು. ಅಬ್ಬಾ! ಅವಳ ಅಂಗೈ ತಿರುಗಿಸಿ ನೋಡಿದ. ಗುಳ್ಳೆ ಎದ್ದಿದ್ದವು. ಅವನ ಕಣ್ಣು ತುಂಬಿ ಬಂದವು. ಅಲ್ಲೇ ನಿಂತು ಜುಲ್ಫೀಕಾರನಿಗೆ ಫೋನು ಹಚ್ಚಿ, ಧೊಂಡಿಬಾನ ಟೆಂಪೊದಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟ.

ಅಷ್ಟರಲ್ಲಿ ಉಸ್ಮಾನ ಮಿಯಾ ಅವನ ಸೈಕಲ್ಲನ್ನೂ ತಿರುಗಿಸಿ ನೋಡಿದ್ದ. "ಕಮಾಲ್ ಅದ ಸಾಹೇಬ! ನಿಮ್ಮ ಬ್ರೇಕ್ ರಬ್ಬರ್ ಅಂಗಡಿಯಿಂದ ತಂದಂಗೇ ಹೊಸಾ ಅವ."

"ಅವನ್ನ ಬಿಚ್ಚಿ ಟೀಚರಬಾಯಿ ಸೈಕಲ್ಲಿಗಿ ಹಾಕ್ರಿ ಚಾಚಾ" ಎಂದ ಸುಶೀಲಕುಮಾರ. "ಬ್ರೇಕ್ ಹಿಡಿಯೂ ಅಷ್ಟು ಜೋರು ನಾ ಇನ್ನೂ ಓಡ್ಸಿಲ್ಲ!"