ಹೊಸ ಗುಳಿಗಿಯ ಪರೀಕ್ಷೆಯೊಳಗ ಸಿಸ್ಟರ್ ಯಾಕ ಬೇಕು

ಎದೆ ಢವಢವ ಅನ್ನುವಾಗಲೇ ಯಾರಾದರೂ ನಗು ಬರುವ ಮಾತೊಂದು ಆಡಿಬಿಡುತ್ತಾರೆ. ದವಾಖಾನೆಯಲ್ಲಂತೂ ಇದು ತಪ್ಪಿದ್ದಲ್ಲ. ನನ್ನ ಹೆಂಡತಿಗೆ ಎದೆಯ ಕ್ಯಾನ್ಸರ್. ಖಾನಾಪುರದಿಂದ ಬೆಳಗಾವಿಗೆ ಓಡಾಡುತ್ತಿದ್ದೇವೆ. ಅಲ್ಲಿ ಹೊಸ ಗುಳಿಗೆಯೊಂದರ ಸಂಶೋಧನೆಗೆ ಆಕೆಯನ್ನು ಸೇರಿಸಿಕೊಂಡರು. ಅದು ದೊಡ್ಡ ಡಾಕ್ಟರರ ಕೆಲಸ, ಸಿಸ್ಟರ್‌ಗೆ ಅಲ್ಲೇನು ಕೆಲಸ ಎಂದು ಮೊದಲು ನಾನೂ ಅಂದುಕೊಂಡಿದ್ದೆ.

೧. ಯಾರ ಕೈಯಲ್ಲಿದೆ

ಒಪ್ಪಿಗೆ ಕೇಳುವ ದಿನ ಡಾಕ್ಟರರು ಎಲ್ಲ ತಿಳಿಸಿ ಹೇಳಿದರು. ನಾನು ತಲೆಯಾಡಿಸಿದೆ. ಹೊರಗೆ ಕ್ಯಾನ್ಸರ್ ವಾರ್ಡಿನ ಸಿಸ್ಟರ್, ಏನು ತಿಳೀತು ಹೇಳ್ರಿ ಕಾಕಾ ಎಂದರು. ನಾನು ಮತ್ತೆ ತಲೆಯಾಡಿಸಿದೆ. ಅವರು ಬಾಜು ಕೂತು ಮೊದಲಿನಿಂದ ಹೇಳಿದರು. ಕೆಲವರಿಗೆ ಹೊಸ ಗುಳಿಗೆ, ಕೆಲವರಿಗೆ ಈಗಿರುವ ಔಷಧ. ಯಾರಿಗೆ ಯಾವುದೆಂದು ಕಂಪ್ಯೂಟರ್ ಆರಿಸುತ್ತದೆ. ಬೇಡವೆನಿಸಿದರೆ ಯಾವಾಗ ಬೇಕಾದರೂ ಬಿಡಬಹುದು.

"ಡಾಕ್ಟರ್ ಕೈಯಾಗ ಇಲ್ಲೇನ್ರಿ?"

"ಇಲ್ಲ ಕಾಕಾ. ನನ್ನ ಕೈಯಾಗೂ ಇಲ್ಲ."

ಸ್ವಲ್ಪ ಧೈರ್ಯ ಬಂತು. ನಮ್ಮ ಗುಡಿಯಲ್ಲಿ ದೇವರ ಬಲಕ್ಕೆ ಹೂ ಬಿದ್ದರೆ ಹೂಂ ಎಂದರ್ಥ. ಅದೂ ಪೂಜಾರಿಯ ಕೈಯಲ್ಲಿಲ್ಲ. ಕಿಸೆಯಿಂದ ಗುಡಿಯ ಭಂಡಾರದ ಅರಿಶಿನಪುಡಿ ತೆಗೆದು, ಕಂಪ್ಯೂಟರಿಗೆ ಒಂಚೂರು ಹಚ್ಚಲೇ ಎಂದು ಕೇಳಿದೆ. ಅದು ಯಾವ ಊರಾಗ ಐತೋ ನನಗೂ ಗೊತ್ತಿಲ್ರಿ ಎಂದರು ಸಿಸ್ಟರ್.

"ಕಣ್ಣಿಗೂ ಕಾಣೂದಿಲ್ಲಂದ್ರ ಖರೇ ದೇವರ ಆತಲ್ರಿ," ಎಂದೆ.

೨. ಆರಾಮ

ಆಕೆಯ ಪಾಲಿಗೆ ಹೊಸ ಗುಳಿಗೆಯೇ ಬಂತು. ಜೊತೆಗೆ ಭೇದಿ, ಬಾಯಿ ತುಂಬ ಹುಣ್ಣು. ಹಾಲಿನಲ್ಲಿ ನೆನೆಸಿದ ರೊಟ್ಟಿಯೂ ಇಳಿಯದು. ಬೆಳಗಾವಿ ಹತ್ತಿರ ಮಚ್ಛೆ ಊರು ದಾಟುವಾಗ ಬಸ್ಸಿನಲ್ಲಿ ನನ್ನ ಕೈ ಹಿಡಿದಳು.

"ಡಾಕ್ಟರ್ ಮುಂದ ಏನೂ ಹೇಳಬ್ಯಾಡ್ರಿ. ಗುಳಿಗಿ ನಿಲ್ಲಿಸಿಬಿಟ್ರ?"

ನನಗೂ ಅದೇ ಹೆದರಿಕೆ. ಡಾಕ್ಟರರು ಕೇಳಿದ್ದಕ್ಕೆಲ್ಲ ನಾನೇ ಮುಂದಾಗಿ ಆರಾಮ ಐತ್ರಿ ಎಂದೆ. ಹುಣ್ಣು ಇಲ್ರಿ, ಭೇದಿ ಇಲ್ರಿ, ಊಟ ಭರ್ತಿ ಆಗ್ತೈತ್ರಿ. ಸಿಸ್ಟರ್ ನನ್ನನ್ನೇ ನೋಡುತ್ತ ನಿಂತಿದ್ದರು.

"ಕಾಕಾ, ಗುಳಿಗಿ ತಗೊಳ್ಳಾಕತ್ತಾವ್ರು ಯಾರು?" ಎಂದು ಕೇಳಿ, ನನ್ನನ್ನು ಚಹಾ ತರಲು ಕಳಿಸಿದರು.

೩. ಚಹಾ

ತಿರುಗಿ ಬಂದರೆ ಸಿಸ್ಟರ್, ಹೆಂಡತಿ ಇಬ್ಬರೂ ಮರಾಠಿಯಲ್ಲಿ ಮಾತಾಡುತ್ತಿದ್ದರು. ಅದು ನನ್ನ ಹೆಂಡತಿಯ ತವರಿನ ಮಾತು. ನನ್ನೆದುರು ನಾಚಿಕೊಂಡು ಹೇಳದಿದ್ದದ್ದನ್ನೂ ಹೇಳಿ ಮುಗಿಸಿದ್ದಳು. ಗುಳಿಗೆ ಹೋಯಿತು ಎಂದುಕೊಂಡೆ. ಸಿಸ್ಟರ್ ಡಾಕ್ಟರರ ಹತ್ತಿರ ಹೋಗಿ ಬಂದರು. ಇಂಥ ತ್ರಾಸಾದರೆ ಡೋಸ್ ಕಡಿಮೆ ಮಾಡಲು ಸಂಶೋಧನೆಯಲ್ಲೇ ನಿಯಮವಿದೆ, ಈಗ ನಿಲ್ಲಿಸುವುದಿಲ್ಲ ಎಂದರು. ಹೀಗೇ ಮುಚ್ಚಿಟ್ಟಿದ್ದರೆ ಜೀವಕ್ಕೇ ಬರುತ್ತಿತ್ತಂತೆ.

"ನೀವ ಹೇಳಲಿಲ್ಲಂದ್ರ, ನಾಳೆ ಈ ಗುಳಿಗಿ ತಗೊಳ್ಳೂ ಹೆಣ್ಮಕ್ಕಳಿಗೆ ಯಾರು ಹೇಳಾವ್ರು, ಕಾಕಾ?"

ಚಹಾದ ಕಪ್ಪನ್ನು ಸಿಸ್ಟರ್ ಮುಂದೆ ಹಿಡಿಯಲು ಹೋದೆ. ಅಷ್ಟರಲ್ಲಿ ಬಿಸಿ ಚಹಾ ನನ್ನ ಧೋತರದ ಮೇಲೆ ಚೆಲ್ಲಿತ್ತು.

"ಈಗೂ ಆರಾಮ ಐತ್ರಿ ಅಂತೀರೇನು?" ಎಂದರು ಸಿಸ್ಟರ್.

೪. ತೂಕ

ಮುಂದಿನ ಸಲ ಹೋದಾಗ ಆಕೆಯ ತೂಕ ಸ್ವಲ್ಪ ಏರಿತ್ತು. ನಾನು ಮತ್ತೆ ಮತ್ತೆ ಧೋತರ ಬಿಗಿದುಕೊಳ್ಳುವುದನ್ನು ನೋಡಿ ಸಿಸ್ಟರ್ ನನ್ನನ್ನೂ ತೂಕದ ಕಾಟಾದ ಮೇಲೆ ನಿಲ್ಲಿಸಿದರು. ನನ್ನ ತೂಕ ಅಷ್ಟು ಇಳಿದದ್ದು ನೋಡಿ ಹೆಂಡತಿ ಯಾಕೆಂದು ಕೇಳಿದಳು. ಆಕೆ ಗುಣವಾಗುವ ತನಕ ಒಂದೇ ಹೊತ್ತು ಊಟವೆಂದು ನಾನು ದೇವರಿಗೆ ಹರಕೆ ಹೊತ್ತದ್ದು ಆಗ ಹೊರಬಿತ್ತು. ಸಿಸ್ಟರ್ ಒಂದೊಂದಾಗಿ ಕೇಳಿದರು, ನಾನು ಈ ಸಲ ಖರೇನೇ ಹೇಳಿದೆ. ನಿದ್ದೆಯಿಲ್ಲ, ಹೊಟ್ಟೆಯಲ್ಲಿ ಉರಿ, ಎದ್ದರೆ ತಲೆ ಸುತ್ತು.

ಹುಣ್ಣು ಮಾಯ್ದ ಬಾಯಲ್ಲಿ ಹೆಂಡತಿ ಮೊದಲ ಸಲ ನಕ್ಕಳು.

"ಡಾಕ್ಟರಿಗೆ ತಿಳಸ್ರಿ ಸಿಸ್ಟರ್. ಗುಳಿಗಿ ನುಂಗಾಕಿ ನಾನು, ತ್ರಾಸೆಲ್ಲಾ ಇವ್ರಿಗೆ."