ಕರಿಬೇವಿನೊಳಗಿನ ಬಾಡಿಗೆದಾರ

ಸಂಸಾರದಲ್ಲಿ ಗಂಡಸಿನ ದಡ್ಡತನಕ್ಕಿಂತ ಅಪಾಯಕಾರಿಯಾದದ್ದು ಅವನ ಉತ್ಸಾಹ. ಹೆಂಡತಿ ಮನೆಯಲ್ಲಿಲ್ಲದಾಗ ಉಕ್ಕುವ ಉತ್ಸಾಹವಂತೂ ಕೇಳಲೇಬೇಡಿ. ನನ್ನಾಕೆ ವಸುಧಾ ಶಿಲೀಂಧ್ರದ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ನಾವೆಲ್ಲ ಬೂಷ್ಟು ಎನ್ನುತ್ತೇವಲ್ಲ, ಅದೇ. ಬ್ರೆಡ್ಡಿನ ಮೇಲೆ ಕಂಡರೆ ನಾವು ಬಿಸಾಡುತ್ತೇವೆ, ಗಿಡದೊಳಗೆ ಸಿಕ್ಕರೆ ಅವಳು ಕುಣಿದಾಡುತ್ತಾಳೆ. ಜನಕಪುರಿಯ ನಮ್ಮ ಬಾಲ್ಕನಿಯ ಕರಿಬೇವಿನೊಳಗೆ, ಗಿಡಕ್ಕೆ ಕಿಂಚಿತ್ತೂ ತೊಂದರೆ ಕೊಡದೆ, ಅಂಥದ್ದೊಂದು ವಾಸವಾಗಿತ್ತು. ಅದು ಒಸರುವ ರಸದ ಹತ್ತಿರ ರೋಗಾಣುಗಳು ಸುಳಿಯುತ್ತಿರಲಿಲ್ಲ. ಮುಂದೊಂದು ದಿನ ಔಷಧಿಯಾದರೂ ಆದೀತು ಎಂದು ಅವಳ ಆಸೆ. ದಿಲ್ಲಿಯ ಚಳಿಗೆ ಗೋಣಿ ಹೊದಿಸಿ, ಹುಳಿ ಮಜ್ಜಿಗೆ ಕುಡಿಸಿ ಸಾಕಿದ ಗಿಡಕ್ಕೆ ಈ ಗೌರವ ಬಂದದ್ದು ನನಗೂ ಹೆಮ್ಮೆಯೇ.

ಒಂದು ಶನಿವಾರ ಅವಳು ಲ್ಯಾಬಿಗೆ ಹೋಗಿದ್ದಳು. ಮರುದಿನ ನಮ್ಮ ಕನ್ನಡದವರ ಊಟದ ಕೂಟ. ಚಟ್ನಿಪುಡಿ ನನ್ನ ಪಾಲು. ತರಕಾರಿ ಭಯ್ಯಾ ಕೊಡುವ ಬಾಡಿದ ಕರಿಬೇವು ಯಾರಿಗೆ ಬೇಕು? ಗಿಡವನ್ನೇ ಬೋಳಿಸಿದೆ. ಸಂಜೆ ವಸುಧಾ ಬಂದವಳೇ ಸೋಫಾದಲ್ಲಿ ಕುಸಿದಳು.

"ರೀ, ನನ್ನ ಬೂಷ್ಟು ಕೈಕೊಡ್ತು. ಲ್ಯಾಬಿನ ತಟ್ಟೇಲಿ ಮೈ ಬೆಳೆಸ್ತಿದೆಯೇ ಹೊರತು ರಸ ಬಿಡ್ತಿಲ್ಲ. ನಮ್ಮ ಗಿಡದ ಎಲೆಯಿಂದ ಮತ್ತೆ ಹೊಸದಾಗಿ ತೆಗೀಬೇಕು. ಇಲ್ಲಾಂದ್ರೆ ಇಷ್ಟು ವರ್ಷದ ಕೆಲಸ ನೀರುಪಾಲು."

ಅಷ್ಟರಲ್ಲಿ ಗಿಡ ಬೋಳಾದ ಸುದ್ದಿ ಬಾಲ್ಕನಿಯಿಂದ ಮಗಳ ಅರೆಹಿಂದಿಯಲ್ಲಿ ಬಂತು: "ಮಮ್ಮಿ, ಪಪ್ಪಾ ನೇ ಗಿಡಾನ ಟಕ್ಲಾ ಕರ್ ದಿಯಾ!"

ತೆಪ್ಪಗೆ ಚಟ್ನಿಪುಡಿಯ ಡಬ್ಬಿ ತಂದು ಮುಂದಿಟ್ಟೆ.

"ಎಲೆ ಹುರಿದಿದ್ದೀರಾ?"

"ಗರಿಗರಿ ಆಗೋ ತನಕ," ಎಂದೆ, ಅಭ್ಯಾಸಬಲದಿಂದ ಹೆಮ್ಮೆಯಲ್ಲೇ.

ಅವಳ ಕಣ್ಣು ತುಂಬಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಇದಕ್ಕೆ ಡಬ್ಬಿಯ ಮುಚ್ಚಳ ಹಾಕಿ ಪಕ್ಕಕ್ಕೆ ಸರಿಸಿದೆ. ಅವಳು ಎದ್ದು ಹೋಗಿ ಬೋಳು ಗಿಡದ ಕಡ್ಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ಕತ್ತರಿ ಕೇಳಿದಳು. "ಹುರಿದ ಎಲೇಲಿ ಬೂಷ್ಟು ಬದುಕಿರಲ್ಲ. ಕಡ್ಡಿಯೊಳಗೆ ಇದ್ದರೆ ಇರಬಹುದು, ನೋಡೋಣ. ನೀವು ಮಾತ್ರ ದೂರ ನಿಲ್ಲಿ."

ಭಾನುವಾರ ಚಟ್ನಿಪುಡಿಯನ್ನು ಎಲ್ಲರೂ ಹಾಡಿಹೊಗಳಿದರು. ನಾನು ಮಾತ್ರ ಅದನ್ನು ಬಡಿಸಿಕೊಳ್ಳಲಿಲ್ಲ. ಮುಂದೆ ಕೆಲವು ವಾರ ಬಾಲ್ಕನಿಯ ಕಡೆ ತಲೆಹಾಕಲಿಲ್ಲ. ಕೊನೆಗೊಂದು ಮಧ್ಯಾಹ್ನ ಆಫೀಸಿಗೆ ಫೋನು ಬಂತು. "ಬಂತು ರೀ! ಕಡ್ಡಿಯಿಂದ ಹೊರಗೆ ಬಂತು, ರಸಾನೂ ಬಿಡ್ತಿದೆ!" ಪಕ್ಕದ ಸೀಟಿನ ಶರ್ಮಾಜಿ ಏನು ಶುಭಸಮಾಚಾರವೆಂದು ಕೇಳಿದರು. ಬೂಷ್ಟು ಬಂತು ಎನ್ನುವುದು ಹೇಗೆ? ಸುಮ್ಮನೆ ಅವರಿಗೆ ಚಹಾ ಕುಡಿಸಿದೆ.

ಅಂದು ಊಟಕ್ಕೆ ಕೂತಾಗ ಕೇಳಿದೆ, "ಅಲ್ವೇ, ಗಿಡದೊಳಗೆ ಅಷ್ಟು ಚುರುಕಾಗಿರೋದು ಲ್ಯಾಬಲ್ಲಿ ಯಾಕೆ ಸೋಮಾರಿಯಾಯ್ತು?"

"ಗಿಡದೊಳಗೆ ಇರಬೇಕಾದ್ರೆ ಏನಾದ್ರೂ ಮಾಡಿಕೊಡಬೇಕು, ಬಾಡಿಗೆ ಇದ್ದ ಹಾಗೆ. ಲ್ಯಾಬಲ್ಲಿ ಕೂತಲ್ಲಿಗೇ ತಟ್ಟೆ ಬರುತ್ತಲ್ಲ," ಎಂದು ವಸುಧಾ ನನ್ನ ಮುಂದಿದ್ದ ತಟ್ಟೆಯನ್ನೇ ನೋಡಿದಳು.

ಅನ್ನ ಮುಗಿಸಿ, ತಟ್ಟೆ ನಾನೇ ತೊಳೆದು, ಹುಳಿ ಮಜ್ಜಿಗೆಯ ಚೊಂಬು ಹಿಡಿದು ಬಾಲ್ಕನಿಗೆ ನಡೆದೆ. ಕರಿಬೇವು ಚಿಗುರಿತ್ತು.